ಕಾಣದ ಯಂತ್ರದ ಸರದಿಯಲ್ಲಿ

ಬೆಂಗಳೂರಿಗೆ ಬಂದ ಮರುದಿನ ಪ್ರಯೋಗಾಲಯಕ್ಕೆ ಹೋದಾಗ ನಾನು ಕೇಳಿದ ಮೊದಲ ಪ್ರಶ್ನೆ, ಯಂತ್ರ ಎಲ್ಲಿದೆ ಎಂದು. ಸೂಪರ್ ಕಂಪ್ಯೂಟರ್ ನೋಡುವ ಸಡಗರದಲ್ಲಿ ಇಳಕಲ್ ಸೀರೆ ಬೇರೆ ಉಟ್ಟುಕೊಂಡು ಹೋಗಿದ್ದೆ. ಒಳಗೆ ಕೂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಹಳಬನಾದ ಕಿರಣ್ ಎಂಬ ಸಂಶೋಧಕ ಕಿಟಕಿಯಾಚೆ ಎಲ್ಲಿಗೋ ಕೈ ತೋರಿಸಿ, "ಆ ಕಡೆ ಇರ್ಬೇಕು ಅಕ್ಕ, ಊರಿನ ಇನ್ನೊಂದ್ ತುದೀಲಿ. ನಾವ್ಯಾರೂ ನೋಡಿಲ್ಲ" ಎಂದ.

ನಾನು ಕಣ್ಣು ಕಣ್ಣು ಬಿಟ್ಟೆ. ವರ್ಷಗಟ್ಟಲೆ ಅದನ್ನೇ ನಂಬಿ ಕೂತವರು ಅದು ಇರುವ ಕಟ್ಟಡದ ಬಾಗಿಲನ್ನೂ ಕಂಡಿರಲಿಲ್ಲ. ಎಲ್ಲವೂ ತಂತಿಯ ಮೇಲೆ ನಡೆಯುವ ಕಾರುಬಾರಂತೆ. ಇಲ್ಲಿ ಕೀಲಿ ಒತ್ತಿದರೆ ಅಲ್ಲಿ ಲೆಕ್ಕ ನಡೆಯುತ್ತದೆ. ಹಾಗಿದ್ದರೆ ಸೇಡಂನ ನಮ್ಮ ಮನೆಯಲ್ಲೇ ಕೂತು ಒತ್ತಬಹುದಿತ್ತಲ್ಲ ಎಂದೆ. ಅದಾಗದು, ಈ ಕ್ಯಾಂಪಸ್ಸಿನ ನೆಟ್‌ವರ್ಕ್‌ನಿಂದ ಬಂದವರಿಗೆ ಮಾತ್ರ ಒಳಗೆ ಬಿಡುತ್ತಾರೆ ಎಂದರು. ಹೊರಗಿನಿಂದ ಬರುವ ದಾರಿಗೆ ಅನುಮತಿ ಇನ್ನೂ ಪರಿಶೀಲನೆಯಲ್ಲಿದೆಯಂತೆ. ಅಂದರೆ ಗಂಡನನ್ನೂ ಶಾಲೆಗೆ ಹೋಗುವ ಮಗಳನ್ನೂ ಬಿಟ್ಟು, ರೈಲು ಹತ್ತಿ ನಾನು ಬಂದದ್ದು ಯಂತ್ರದ ಹತ್ತಿರಕ್ಕಲ್ಲ, ಯಂತ್ರಕ್ಕೆ ಹೋಗುವ ಒಂದು ವಯರಿನ ಹತ್ತಿರಕ್ಕೆ. ಅವತ್ತೇ ವಾಪಸ್ ಹೋಗಿಬಿಡಬೇಕೆನ್ನಿಸಿತು.

ಹೋಗುವಂತಿರಲಿಲ್ಲ. ನಾನು ಸೇಡಂ ಕಡೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವಳು. ಪಿಎಚ್.ಡಿ.ಗಾಗಿ ಹಿಡಿದ ವಿಷಯ ನಮ್ಮ ತೊಗರಿಯ ನೆಟೆ ರೋಗ. ನಮ್ಮ ಕಡೆಯ ಓದುಗರಿಗೆ ಅದನ್ನು ವಿವರಿಸಬೇಕಿಲ್ಲ. ಹೂ ಬಿಟ್ಟು ಹಸಿರಾಗಿ ನಿಂತ ಗಿಡ ನಿಂತಲ್ಲೇ ಒಣಗುವುದನ್ನು ನೋಡಿ ಹೊಟ್ಟೆ ಉರಿಸಿಕೊಂಡವರೇ ನಾವೆಲ್ಲ. ಆ ರೋಗ ತರುವ ಶಿಲೀಂಧ್ರದಲ್ಲಿ ಒಂದು ಪ್ರೋಟೀನ್ ಇದೆ. ಒಂದು ಮರದ ತೊಗಟೆಯಿಂದ ತೆಗೆದ ಅಣು ಆ ಪ್ರೋಟೀನಿಗೆ ಗಟ್ಟಿಯಾಗಿ ಕಚ್ಚಿಕೊಂಡರೆ ಶಿಲೀಂಧ್ರದ ಆಟ ಮುಗಿಯುತ್ತದೆ ಎಂಬುದು ನನ್ನ ವಾದ. ಕಚ್ಚಿಕೊಳ್ಳುತ್ತದೆಯೇ ಇಲ್ಲವೇ ಎಂದು ತಿಳಿಯಲು, ಅಣುವನ್ನು ಪ್ರೋಟೀನಿನಿಂದ ಸ್ವಲ್ಪಸ್ವಲ್ಪವೇ ದೂರ ಎಳೆಯುತ್ತಾ ಪ್ರತಿ ಜಾಗದಲ್ಲೂ ಎಷ್ಟು ಶಕ್ತಿ ಬೇಕಾಯಿತು ಎಂದು ಲೆಕ್ಕ ಹಾಕಬೇಕು. ಆ ಲೆಕ್ಕವನ್ನು ಗೆರೆಯಾಗಿ ಎಳೆದಾಗ ನಡುವೆ ಆಳವಾದ ಗುಂಡಿ ಬಿದ್ದರೆ ನನ್ನ ಮಾತು ನಿಜ. ಗೆರೆ ಸಪಾಟಾಗಿದ್ದರೆ ನನ್ನ ಇಷ್ಟು ವರ್ಷಗಳ ದುಡಿಮೆಯೂ ಸಪಾಟು. ಇದನ್ನು ಮಾಡಲು ಸಿಕ್ಕಿದ್ದು ಅಧ್ಯಯನ ರಜೆಯ ಕೊನೆಯ ಭಾಗ. ಕಾಲೇಜು ಶುರುವಾಗುವ ದಿನ ನಾನು ಪಾಠಕ್ಕೆ ನಿಲ್ಲಲೇಬೇಕು. ಇನ್ನೊಂದು ರಜೆ ಕೇಳಬೇಡಿ ಎಂದು ಪ್ರಿನ್ಸಿಪಾಲರು ಕೈ ಮುಗಿದೇ ಹೇಳಿ ಕಳಿಸಿದ್ದರು.

ರೂಮು ಸಿಕ್ಕಿದ್ದು ಮಲ್ಲತ್ತಹಳ್ಳಿ ಕೆರೆಯ ಹತ್ತಿರ, ಸರೋಜಮ್ಮ ಎಂಬ ವಿಧವೆಯ ಮನೆಯ ಮಹಡಿಯ ಮೇಲೆ. ನಾಗರಬಾವಿಯಲ್ಲಿ ಹುಡುಗಿಯರ ಪಿ.ಜಿ.ಗಳಿಗೆ ಲೆಕ್ಕವಿಲ್ಲ, ಆದರೆ ನನ್ನ ವಯಸ್ಸು ಕೇಳಿದ ಕೂಡಲೇ ಅವರಿಗೆಲ್ಲ ಜಾಗ ಭರ್ತಿಯಾಗಿಬಿಡುತ್ತಿತ್ತು. ಮನೆ ಬಾಡಿಗೆಗೆ ಹೋದರೆ ಫ್ಯಾಮಿಲಿ ಎಲ್ಲಿ ಎಂದು ಕೇಳುತ್ತಿದ್ದರು. ಊರಲ್ಲಿದೆ ಎಂದರೆ ನಂಬುತ್ತಿರಲಿಲ್ಲ. ಸರೋಜಮ್ಮ ಮಾತ್ರ ನನ್ನ ಗಂಡನಿಗೆ ವಿಡಿಯೊ ಕಾಲ್ ಮಾಡಿಸಿ, ಅವನ ಮುಖವನ್ನು ಅತ್ತಿತ್ತ ತಿರುಗಿಸಿ ನೋಡಿ, ನನ್ನ ಹಣೆಯ ವಿಭೂತಿಯನ್ನೂ ನೋಡಿ ಒಪ್ಪಿದರು. ನಮ್ಮ ಕಡೆ ಬಾಗಿಲಿಗೆ ಬಂದವರಿಗೆ ಮೊದಲು ನೀರು ಕೊಡುತ್ತೇವೆ, ಆಮೇಲೆ ವಿಚಾರಣೆ. ಇಲ್ಲಿ ವಿಚಾರಣೆ ಮುಗಿದ ಮೇಲೆ, ನೀರು ಯಾವ ಹೊತ್ತಿನಲ್ಲಿ ಬರುತ್ತದೆ, ಮೋಟರ್ ಯಾರು ಹಾಕಬೇಕು ಎಂಬ ಉಪನ್ಯಾಸ. ಆದರೂ ಆ ಸಂಜೆ ಮೇಲಕ್ಕೆ ಬಂದು, ಊಟಕ್ಕೆ ಬನ್ನಿ ಎಂದು ಕರೆದವರೂ ಅವರೇ.

ಊಟಕ್ಕೆ ಮುದ್ದೆ. ರೊಟ್ಟಿಯ ಅಭ್ಯಾಸದಲ್ಲಿ ನಾನು ಮುರಿದು ಬಾಯಿಗಿಟ್ಟು ಅಗಿಯತೊಡಗಿದೆ. ಅದು ಹಲ್ಲಿಗೂ ಅಂಟಿತು, ಅಂಗುಳಕ್ಕೂ ಅಂಟಿತು. ಸರೋಜಮ್ಮ ಗಾಬರಿಯಾಗಿ, "ಅಯ್ಯೋ ಅಗೀಬೇಡಿ ಕಣ್ರೀ, ಸಾರಲ್ಲಿ ಅದ್ದಿ ನುಂಗ್ಬಿಡಿ" ಎಂದರು. ನುಂಗುವುದೂ ಒಂದು ವಿದ್ಯೆ ಎಂದು ನನಗೆ ತಿಳಿದದ್ದು ಅವತ್ತು. ರೊಟ್ಟಿ ಸಿಗುವುದಿಲ್ಲವೆಂದಲ್ಲ, ವಿಜಯನಗರದ ಕಡೆ ಹೋದರೆ ನಮ್ಮವರದೇ ಖಾನಾವಳಿಗಳಿವೆ. ಆದರೆ ಅಲ್ಲಿ ಕೂತು ಕಡಕ್ ರೊಟ್ಟಿ ಮುರಿಯುವಾಗ ಸುತ್ತಲಿನ ಟೇಬಲ್ಲುಗಳಿಂದ ನಮ್ಮ ಕಡೆಯ ಮಾತು ಕೇಳಿ ಮನೆ ನೆನಪಾಗಿ ಅರ್ಧಕ್ಕೇ ಎದ್ದುಬಿಡುತ್ತಿದ್ದೆ. ಸಮಾಧಾನಕ್ಕೆಂದು ಹೋಗಿ ಇನ್ನಷ್ಟು ಒಂಟಿಯಾಗಿ ಬರುವುದು ಯಾರಿಗೆ ಬೇಕು? ಹೋಗುವುದನ್ನೇ ಬಿಟ್ಟೆ.

ಇನ್ನು ಯಂತ್ರದ ವಿಷಯ. ಮೊದಲ ವಾರವೇ ಒಂದು ಅವಾಂತರ ಮಾಡಿದೆ. ಈ ಯಂತ್ರಕ್ಕೆ ದೂರದಿಂದ ಬಂದವರೆಲ್ಲ ಮೊದಲು ಇಳಿಯುವ ಜಾಗಕ್ಕೆ ಲಾಗಿನ್ ನೋಡ್ ಎನ್ನುತ್ತಾರೆ. ಅದು ಮನೆಯ ಪಡಸಾಲೆ ಇದ್ದ ಹಾಗೆ. ಬಂದವರು ಚಪ್ಪಲಿ ಬಿಟ್ಟು, ತಮ್ಮ ಕೆಲಸವೇನೆಂದು ಹೇಳಿ ಕೂರಬೇಕು. ಕೆಲಸ ನಡೆಯುವುದು ಒಳಗಿನ ಕೋಣೆಗಳಲ್ಲಿ, ಸರದಿ ಬಂದಾಗ. ನಾನು ತಿಳಿಯದೆ ಪಡಸಾಲೆಯಲ್ಲೇ ಒಲೆ ಹೂಡಿಬಿಟ್ಟೆ. ಎಷ್ಟು ವಿಶ್ವವಿದ್ಯಾಲಯಗಳ ಎಷ್ಟು ಜನ ಆ ಹೊತ್ತಿನಲ್ಲಿ ಬಾಗಿಲಲ್ಲಿ ಸಿಕ್ಕಿಕೊಂಡರೋ ಕಾಣೆ, ನನ್ನ ಖಾತೆಗೆ ಬೀಗ ಬಿತ್ತು. ಬೀಗ ತೆಗೆಸಲು ಸಹಾಯ ಕೇಂದ್ರಕ್ಕೆ ಬರೆದರೆ, ಖಾತೆಯೊಳಗೆ ಹೋಗಿ ಅರ್ಜಿ ಸಲ್ಲಿಸಿ ಎಂದು ಉತ್ತರ ಬಂತು. ಬೀಗ ಹಾಕಿದ ಖಾತೆಯೊಳಗೆ ನಾನು ಹೇಗೆ ಹೋಗಲಿ? ಮತ್ತೆ ಬರೆದೆ. ನಿಮ್ಮ ಸಮಸ್ಯೆ ಬಗೆಹರಿದಿದೆ ಎಂದು ತಿಳಿಸಿ ಮುಗಿಸಿದರು. ನನ್ನ ಪಿತ್ತ ನೆತ್ತಿಗೇರಿತು. ಕೊನೆಗೆ ನಮ್ಮ ಗೈಡ್ ಸರ್ ಯಾರಿಗೋ ಫೋನ್ ಮಾಡಿ ತೆಗೆಸಿದರು.

ಬೀಗ ತೆಗೆದ ಮೇಲೆ ಸರದಿಯ ಕಷ್ಟ ಶುರುವಾಯಿತು. ನನ್ನ ಲೆಕ್ಕಕ್ಕೆ ಯಂತ್ರದ ದೊಡ್ಡ ಪಾಲು ಒಟ್ಟಿಗೆ ಬೇಕು, ಹೆಚ್ಚು ಹೊತ್ತು ಬೇಕು ಎಂದು ಕೇಳಿ ಸರದಿಗೆ ಹಾಕಿದೆ. ಎಷ್ಟು ಬೇಕೋ ಅಷ್ಟು ಕೇಳಿದರೆ ಮಧ್ಯದಲ್ಲಿ ಕೈಕೊಡುತ್ತದೆ, ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚೇ ಕೇಳಿ ಎಂಬುದು ನಮ್ಮ ಲ್ಯಾಬಿನಲ್ಲಿ ಎಲ್ಲರ ಬಾಯಲ್ಲೂ ಇದ್ದ ಬುದ್ಧಿಮಾತು. ಪರದೆಯ ಮೇಲೆ ನನ್ನ ಹೆಸರಿನ ಮುಂದೆ "ಕಾಯುತ್ತಿದೆ" ಎಂದು ಬಂತು. ದಿನ ಕಳೆದರೂ ಅದೇ. ವಾರ ಕಳೆದರೂ ಅದೇ. ವಿಚಿತ್ರವೆಂದರೆ ನನಗಿಂತ ಆಮೇಲೆ ಬಂದವರ ಕೆಲಸಗಳು ಕಣ್ಣ ಮುಂದೆಯೇ ಒಳಗೆ ಹೋಗಿ ಮುಗಿದು ಬರುತ್ತಿದ್ದವು. ನನ್ನದು ಮುಂದೆ ಹೋಗುವ ಬದಲು ಕೆಲವು ದಿನ ಹಿಂದಕ್ಕೇ ಸರಿಯುತ್ತಿತ್ತು. ಯಾಕೆಂದು ಬರೆದು ಕೇಳಿದರೆ, ಎಲ್ಲ ಸರಿಯಾಗಿದೆ, ಕಾಯಿರಿ ಎಂಬ ಉತ್ತರ.

ಊರಿನಿಂದ ಮಗಳು ಫೋನ್ ಮಾಡಿದಾಗಲೆಲ್ಲ ಅದನ್ನೇ ಕೇಳುತ್ತಿದ್ದಳು. "ಅವ್ವಾ, ನಿನ್ನ ಪಾಳಿ ಬಂತೇನ?" ಇಲ್ಲವೆಂದರೆ, "ಅಲ್ಲಿ ಯಾರೂ ಇಲ್ಲೇನು, ಬೈಯಾಕ?" ಎನ್ನುತ್ತಿದ್ದಳು. ನಮ್ಮಲ್ಲಿ ಪಾಳಿ ತಪ್ಪಿದರೆ ಬೈಯಲು ಎದುರಿಗೆ ಒಂದು ಮುಖವಾದರೂ ಇರುತ್ತದೆ, ಜಗಳವಾಡಿ ಹಗುರಾಗಬಹುದು. ಇಲ್ಲಿ ಯಾರ ಜೊತೆ ಜಗಳವಾಡುವುದು? ನಾನು ಕೆರೆಯ ಸುತ್ತ ನಡೆಯುತ್ತಾ ಒಬ್ಬಳೇ ಬೈದುಕೊಳ್ಳುತ್ತಿದ್ದೆ. ಎದುರು ಬರುವವರು ಕಿವಿಯಲ್ಲಿ ಫೋನ್ ಇದೆ ಎಂದುಕೊಳ್ಳುತ್ತಿದ್ದರು.

ನನ್ನ ಪರದಾಟ ನೋಡಿ ಮರುಗಿದವನು ಕಿರಣ್. ಮೈಸೂರು ರಸ್ತೆಯ ದೀಪಾಂಜಲಿ ನಗರದಿಂದ ಬರುವ ಹುಡುಗ, ಮದುವೆಯ ವಯಸ್ಸು ದಾಟುತ್ತಿದ್ದರೂ ಎಲ್ಲರ ಕೆಲಸ ತನ್ನ ತಲೆಯ ಮೇಲೆ ಹಾಕಿಕೊಂಡು ಓಡಾಡುವವನು. ಒಂದು ದಿನ ಹತ್ತಿರ ಬಂದು, "ತಲೆ ಕೆಡಿಸ್ಕೋಬೇಡಿ ಅಕ್ಕ, ನಿಮಗೂ ಒಂದೆರಡು ಹಿಡಿದಿಟ್ಟಿದೀನಿ" ಎಂದ. ಏನು ಹಿಡಿದಿಟ್ಟಿದ್ದಾನೆಂದು ಕೇಳಿದಾಗ ಗುಟ್ಟು ಬಿಟ್ಟುಕೊಟ್ಟ. ಬಸ್ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಹಾಗೆ ಇಲ್ಲಿ ಏನೂ ಮಾಡದ ಖಾಲಿ ಕೆಲಸಗಳನ್ನು ಸರದಿಗೆ ಹಾಕಿಡುವುದು. ಅವುಗಳ ಪಾಳಿ ಬಂದು ಕೋಣೆ ಸಿಕ್ಕ ಮೇಲೆ, ಲ್ಯಾಬಿನಲ್ಲಿ ಯಾರಿಗೆ ತುರ್ತಿದೆಯೋ ಅವರು ಅದರೊಳಗೆ ಹೋಗಿ ತಮ್ಮ ಕೆಲಸ ಮಾಡಿಕೊಳ್ಳುವುದು. ಇದು ಈ ಲ್ಯಾಬಿನಲ್ಲಿ ಹಿರಿಯರಿಂದ ಕಿರಿಯರಿಗೆ ಬಂದ ಪದ್ಧತಿ. ಹೊಸದಾಗಿ ಬಂದವರಿಗೆ ಹಿರಿಯರು ಹೀಗೆ ಜಾಗ ಹಿಡಿದುಕೊಟ್ಟರೆ, ಅವರನ್ನು ತಮ್ಮವರೆಂದು ಒಪ್ಪಿದರೆಂದೇ ಲೆಕ್ಕ.

ಅವನು ಹಿಡಿದ ಜಾಗ ನನ್ನ ದೊಡ್ಡ ಲೆಕ್ಕಕ್ಕೆ ಸಾಲುತ್ತಿರಲಿಲ್ಲ. ಆದರೂ ಆ ಮಾತು ಕೇಳಿ ನನಗಾದ ಖುಷಿ ಅಷ್ಟಿಷ್ಟಲ್ಲ. ಈ ಊರಿನಲ್ಲಿ ನನಗೆಂದು ಯಾರೋ ಟವೆಲ್ ಹಾಕಿದ್ದಾರೆ! ಮರುದಿನ ಶೇಂಗಾ ಹಿಂಡಿ, ಇಲ್ಲಿಯವರ ಮಾತಿನಲ್ಲಿ ಕಡಲೆಕಾಯಿ ಚಟ್ನಿಪುಡಿ, ಡಬ್ಬಿ ತುಂಬಿ ತಂದುಕೊಟ್ಟೆ. ಅಲ್ಲಿಂದಾಚೆ ನನ್ನ "ಹೋಗ್ರಿ ಬರ್ರಿ" ಕೇಳಿ ನಗುತ್ತಿದ್ದ ಹುಡುಗರು ಹಿಂಡಿಯ ಆಸೆಗೆ ತಾವೇ "ಬರ್ರಿ ಅಕ್ಕಾರ" ಎನ್ನತೊಡಗಿದರು. ನಾನೂ ಆಟೊದವರೊಡನೆ "ಹೋಗ್ತೀನಿ, ಬರ್ತೀನಿ" ಎಂದು ಇಲ್ಲಿಯವಳಂತೆ ಮಾತಾಡಿ, ಮೀಟರಿನ ಮೇಲೆ ಜಗಳವಿಲ್ಲದೆ ಮನೆ ಸೇರಿದ ದಿನ ಸರೋಜಮ್ಮನಿಗೆ ಹೇಳಿಕೊಂಡು ಮೆರೆದೆ.

ಆ ನಡುವೆ ಸಹಾಯ ಕೇಂದ್ರದಿಂದ ನಜ್ಮಾ ಎಂಬ ಇಂಜಿನಿಯರ್ ನಮ್ಮ ಕ್ಯಾಂಪಸ್ಸಿಗೆ ತರಬೇತಿ ಕೊಡಲು ಬಂದರು. ಕೊನೆಗೂ ಬೈಯಲು ಒಂದು ಮುಖ ಸಿಕ್ಕಿತೆಂದು ನಾನು ಮೊದಲ ಸಾಲಿನಲ್ಲೇ ಕೂತೆ. ನೋಡಿದರೆ ಅವರ ಮುಖ ನನ್ನದಕ್ಕಿಂತ ಬೇಸತ್ತಿತ್ತು. ನಮಸ್ಕಾರ ಮುಗಿಸಿದವರೇ ಪರದೆಯ ಮೇಲೆ ಯಂತ್ರದ ಚಿತ್ರ ಹಾಕಿದರು. ಎಲ್ಲ ಕೋಣೆಗಳೂ ಭರ್ತಿ. ಆಮೇಲೆ ಒಳಗೆ ನಿಜವಾಗಿ ದುಡಿಯುತ್ತಿರುವವು ಎಷ್ಟು ಎಂದು ತೋರಿಸಿದರು. ಬಹಳಷ್ಟು ಕೋಣೆಗಳಲ್ಲಿ ಬಾಗಿಲು ಹಾಕಿಕೊಂಡು ಯಾರೂ ಏನೂ ಮಾಡುತ್ತಿರಲಿಲ್ಲ. "ಹೊರಗಡೆ ಇಷ್ಟ್ ಜನ ನಿಂತಿದಾರೆ, ಒಳಗಡೆ ಯಂತ್ರ ನಿದ್ದೆ ಮಾಡ್ತಾ ಇದೆ. ಮೇಲಿಂದ ನಮಗೇ ದಿನಾ ಬೈಗುಳ" ಎಂದರು.

ಆಮೇಲೆ ಹೇಳಿದ ಮಾತಿಗೆ ನಾನು ತಣ್ಣಗಾದೆ. ಈ ಯಂತ್ರ ಎಲ್ಲರಿಗೂ ಸೇರಿದ್ದು. ಅದಕ್ಕೇ ಯಾವ ಲ್ಯಾಬ್ ಈಚೆಗೆ ಹೆಚ್ಚು ಬಳಸಿದೆಯೋ ಆ ಲ್ಯಾಬಿನವರ ಸರದಿ ತಾನಾಗಿಯೇ ಹಿಂದಕ್ಕೆ ಸರಿಯುತ್ತದೆ, ಕಡಿಮೆ ಬಳಸಿದವರು ಮುಂದೆ ಬರುತ್ತಾರೆ. ಖಾಲಿ ಕೂತರೂ ಅದು ಬಳಕೆಯೇ. ಇಷ್ಟು ಹೇಳಿ, ಆ ಹೊತ್ತಿನಲ್ಲಿ ನಿದ್ದೆ ಮಾಡುತ್ತಿದ್ದ ಕೆಲಸಗಳ ಹೆಸರುಗಳನ್ನು ಪರದೆಯ ಮೇಲೆ ತಂದರು. ಅಕ್ಕ-೧, ಅಕ್ಕ-೨, ಅಕ್ಕ-೩, ಹೀಗೆ ಕೆಳಗಿನವರೆಗೂ ಅಕ್ಕಂದಿರೇ.

"ಯಾರ್ರೀ ಇದು ಅಕ್ಕ?" ಎಂದರು ನಜ್ಮಾ.

ಕಿರಣ್ ತಲೆ ಬಗ್ಗಿಸಿದ. ನಾನು ಎದ್ದು ನಿಂತು, "ನಾನೇರಿ" ಎಂದೆ.

ಎಲ್ಲರೂ ನಕ್ಕರು. ನನಗೆ ನಗುವೂ ಬರಲಿಲ್ಲ, ಕೂರಲೂ ಆಗಲಿಲ್ಲ. ನನಗಾಗಿ ಪ್ರೀತಿಯಿಂದ ಹಿಡಿದಿಟ್ಟ ಒಂದೊಂದು ಜಾಗವೂ ನನ್ನನ್ನೇ ಒಂದೊಂದು ಹೆಜ್ಜೆ ಹಿಂದೆ ತಳ್ಳುತ್ತಿತ್ತು. ಹೊರಗೆ ಬಂದ ಮೇಲೆ ಕಿರಣನನ್ನು ತರಾಟೆಗೆ ತೆಗೆದುಕೊಳ್ಳಬೇಕೆಂದಿದ್ದೆ. ಅವನು ನನಗಿಂತ ಮೊದಲೇ, "ನಿಮ್ ಫೈಲ್ ರೆಡಿ ಆಗೋ ಹೊತ್ತಿಗೆ ಜಾಗ ಇರ್ಲಿ ಅಂತ ಮಾಡ್ದೆ ಅಕ್ಕ, ದಿನಾ ಮನೆಗೆ ಹೋಗೋಕ್ ಮುಂಚೆ ಹಾಕ್ತಿದ್ದೆ" ಎಂದುಬಿಟ್ಟ. ಇಂಥವನನ್ನು ಏನೆಂದು ಬೈಯಲಿ?

ನಜ್ಮಾ ಮಾತ್ರ ನಮ್ಮಿಬ್ಬರನ್ನೂ ಪಕ್ಕಕ್ಕೆ ಕೂರಿಸಿಕೊಂಡು ಚೆನ್ನಾಗಿಯೇ ಬೈದರು. ಖಾಲಿ ಕೆಲಸಗಳನ್ನೆಲ್ಲ ಅಲ್ಲೇ ತೆಗೆಸಿದರು. ನನ್ನ ಲೆಕ್ಕವನ್ನು ನೋಡಿ, ಅಣು ನಿಲ್ಲುವ ಒಂದೊಂದು ಜಾಗದ ಲೆಕ್ಕವೂ ಬೇರೆ ಬೇರೆಯೇ ನಡೆಯಬಹುದಲ್ಲ, ಎಲ್ಲವನ್ನೂ ಒಟ್ಟಿಗೇ ಯಾಕೆ ಕೇಳಿದಿರಿ ಎಂದರು. ಮದುವೆಯ ದಿಬ್ಬಣದಂತೆ ಎಲ್ಲರಿಗೂ ಒಂದೇ ಕಡೆ ಸೀಟು ಬೇಕೆಂದು ನಿಂತರೆ ಖಾಲಿ ಬಸ್ಸೇ ಬರಬೇಕು. ಒಬ್ಬೊಬ್ಬರಾಗಿ ಹತ್ತಿದರೆ ಸಂದಿಯಲ್ಲೂ ಜಾಗ ಸಿಗುತ್ತದೆ. ಇಷ್ಟು ಸರಳ ಮಾತನ್ನು ಯಾಕೆ ಯಾರೂ ಮೊದಲೇ ಹೇಳಲಿಲ್ಲ ಎಂದು ಕೇಳಿದೆ. ಎಲ್ಲರೂ ಯಾಕೆ ಕಾಯಬೇಕು ಎಂದು ಕೇಳುತ್ತಾರೆಯೇ ಹೊರತು ಏನು ಮಾಡುತ್ತಿದ್ದೇವೆ ಎಂದು ಬರೆಯುವುದಿಲ್ಲ ಎಂದರು. ನಾನೂ ಬರೆದಿರಲಿಲ್ಲ, ನಿಜ. ಆದರೆ ಅವರೂ ಕೇಳಿರಲಿಲ್ಲ, ಅದನ್ನು ಹೇಳಿಯೇ ಎದ್ದೆ.

ಲೆಕ್ಕವನ್ನು ತುಂಡು ತುಂಡು ಮಾಡಿ ಹಾಕಿದ ಮೇಲೆ ಒಂದೊಂದೇ ಒಳಗೆ ಹೋಗಿ ಬರತೊಡಗಿತು. ಒಂದು ಲೆಕ್ಕ ಮುಗಿದರೆ ಗೆರೆಯ ಮೇಲೆ ಒಂದು ಚುಕ್ಕಿ. ಎಡಗಡೆಯ ಚುಕ್ಕಿಗಳು ಬಂದವು, ಬಲಗಡೆಯವೂ ಬಂದವು. ಗುಂಡಿ ಇದ್ದರೆ ಇರಬೇಕಾದದ್ದು ನಡುವೆ. ಆ ನಡುವಿನ ಲೆಕ್ಕಗಳೇ ಸರದಿಯಲ್ಲಿ ನಿಂತವು, ಯಾಕೆಂದರೆ ಪ್ರಬಂಧ ಒಪ್ಪಿಸುವ ಕಾಲ ಬಂದು ಎಲ್ಲ ಊರುಗಳ ಎಲ್ಲ ವಿದ್ಯಾರ್ಥಿಗಳೂ ಒಟ್ಟಿಗೆ ಮುಗಿಬಿದ್ದಿದ್ದರು. ನನ್ನ ರಜೆ ಮುಗಿಯುತ್ತಾ ಬಂದಿತ್ತು. ನಾಚಿಕೆ ಬಿಟ್ಟು ನಜ್ಮಾ ಅವರಿಗೆ ಫೋನ್ ಮಾಡಿ, ನನ್ನವನ್ನು ಸ್ವಲ್ಪ ಮುಂದೆ ಹಾಕಿಕೊಡಿ, ಊರಿಗೆ ಹೋದರೆ ನನಗೆ ಒಳಗೆ ಬರಲೂ ದಾರಿಯಿಲ್ಲ ಎಂದು ಬೇಡಿದೆ.

"ಮುಂದೆ ಹಾಕೋದು ನಂಗೆ ಒಂದ್ ಸಾಲಿನ ಕೆಲಸ ಮೇಡಂ" ಎಂದರು. "ಆದ್ರೆ ನಿಮ್ ಮುಂದೆ ನಿಂತಿರೋರು ಯಾರು ಅಂತ ನಂಗೆ ಕಾಣ್ಸುತ್ತೆ. ನಿಮಗೆ ಕಾಣ್ಸಲ್ಲ. ಅವರೂ ಫೋನ್ ಮಾಡಿದಾರೆ."

ಫೋನ್ ಇಟ್ಟು ಒಂದು ಸಂಜೆಯೆಲ್ಲ ಅವರನ್ನು ಶಪಿಸಿದೆ. ಅವರು ಹೇಳಿದ್ದು ಸರಿ ಎನ್ನುವುದೇ ಹೆಚ್ಚು ಮೈ ಉರಿಸಿತು. ಮರುದಿನ ಅವರೇ ಕರೆ ಮಾಡಿ, ನನ್ನ ಫಲಿತಾಂಶಗಳನ್ನು ಕಿರಣ್ ನೋಡಬಹುದಾದ ಹಾಗೆ ನಿಯಮದೊಳಗೇ ಒಂದು ದಾರಿ ಮಾಡಿಕೊಟ್ಟರು. ಪಾಸ್‌ವರ್ಡ್ ಮಾತ್ರ ಯಾರಿಗೂ ಕೊಡಬೇಡಿ ಎಂದು ಮತ್ತೆ ಮತ್ತೆ ಹೇಳಿದರು.

ನಡುವೆ ಚುಕ್ಕಿಗಳಿಲ್ಲದ ಗೆರೆಯನ್ನು ಕಟ್ಟಿಕೊಂಡು ಮಲ್ಲತ್ತಹಳ್ಳಿ ಬಿಟ್ಟೆ. ಸರೋಜಮ್ಮ ದಾರಿಗೆ ಹುರಿಹಿಟ್ಟು ಕಟ್ಟಿಕೊಟ್ಟು, ರೂಮಿಗೆ ಬೇರೆಯವರನ್ನು ಇಷ್ಟು ಬೇಗ ಹಾಕಿಕೊಳ್ಳುವುದಿಲ್ಲ, ಬರುವುದಿದ್ದರೆ ಮೊದಲೇ ಹೇಳಿ ಎಂದರು. ಕಿರಣ್ ಕೆಂಗೇರಿಯಲ್ಲಿ ಏನೋ ಕೆಲಸವಿದೆ ಎಂದು ಹೇಳಿದವನು ಅದನ್ನು ಬಿಟ್ಟು ರೈಲಿನವರೆಗೂ ಬಂದು ಚೀಲ ಎತ್ತಿಕೊಟ್ಟ. ಊರು ತಲುಪಿದಾಗ ಮಗಳು ನನ್ನ ಮಾತು ಕೇಳಿ, "ಅವ್ವ ಬೆಂಗಳೂರಿನವರ ಗತೆ ಮಾತಾಡಾಕತ್ಯಾಳ" ಎಂದು ಅಪ್ಪನಿಗೆ ದೂರು ಹೇಳಿದಳು. ಅಲ್ಲಿ ನನ್ನ ಮಾತಿಗೆ ನಕ್ಕಿದ್ದರು, ಇಲ್ಲೂ ನಕ್ಕರು. ಎಲ್ಲಿಯೂ ಸರಿಯಾಗಿ ಬಾಯಿ ಬಿಡಲಾಗದ ಸ್ಥಿತಿ ನನ್ನದು.

ಕಾಲೇಜು ಶುರುವಾಗಿ ಸ್ವಲ್ಪ ದಿನಕ್ಕೆ, ಬಿ.ಎಸ್ಸಿ. ತರಗತಿಯಲ್ಲಿ ಪಾಠ ಮಾಡುತ್ತಿದ್ದಾಗ ಕಿರಣ್ ಫೋನ್ ಬಂತು. ತರಗತಿಯಲ್ಲಿ ಫೋನ್ ತೆಗೆಯುವವಳಲ್ಲ ನಾನು. ಅವತ್ತು ತೆಗೆದೆ. "ಅಕ್ಕ, ನಿಮ್ಮವೆಲ್ಲ ಮುಗೀತು. ಓದ್ಲಾ, ಬರ್ಕೊಳ್ತೀರಾ?" ಎಂದ. ಕೈಯಲ್ಲಿ ಸೀಮೆಸುಣ್ಣ ಬಿಟ್ಟರೆ ಏನೂ ಇರಲಿಲ್ಲ. ಫೋನಿನ ದನಿ ದೊಡ್ಡದು ಮಾಡಿ ಮೇಜಿನ ಮೇಲಿಟ್ಟು, ಹಲಗೆಯನ್ನು ಒರೆಸಿ ಅಡ್ಡಕ್ಕೊಂದು ಉದ್ದಕ್ಕೊಂದು ಗೆರೆ ಎಳೆದೆ. ಬಾಯಿಪಾಠವಾಗಿದ್ದ ಎಡ ಬಲದ ಚುಕ್ಕಿಗಳನ್ನು ಮೊದಲು ಇಟ್ಟೆ. ಅವನು ಒಂದೊಂದೇ ಸಂಖ್ಯೆ ಓದುತ್ತಾ ಹೋದ, ನಾನು ಇಡುತ್ತಾ ಹೋದೆ. ಮೊದಲ ಚುಕ್ಕಿ ಸ್ವಲ್ಪ ಕೆಳಗೆ ಬಿತ್ತು. ಮುಂದಿನದೂ ಅಷ್ಟೇ. ಅದರ ಮುಂದಿನದು ಬರುವ ಹೊತ್ತಿಗೆ ಫೋನ್ ಕಡಿಯಿತು.

ನಮ್ಮೂರಿನ ನೆಟ್‌ವರ್ಕಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲಿಲ್ಲ. ನಾನು ಮಾಡಿದರೆ ಸಿಗದು, ಅವನು ಮಾಡಿದರೂ ಬಾರದು. ಸೀಮೆಸುಣ್ಣವನ್ನು ಹಲಗೆಗೆ ಒತ್ತಿ ಹಿಡಿದು ನಿಂತೇ ಇದ್ದೆ. ಹಿಂದೆ ಹುಡುಗರೆಲ್ಲ ಇದು ಪಾಠವೆಂದೇ ತಿಳಿದು ಚುಕ್ಕಿಗಳನ್ನು ಬರೆದುಕೊಳ್ಳುತ್ತಿದ್ದರು. ಮತ್ತೆ ಫೋನ್ ಬಂದಾಗ ಕಿರಣ್ ಸಂಖ್ಯೆಯನ್ನು ಎರಡು ಸಲ ಹೇಳಿದ, ಯಾಕೆಂದರೆ ನಾನು ಎರಡು ಸಲ ಕೇಳಿದೆ. ಆ ಚುಕ್ಕಿಗೆ ನಾನು ಹಲಗೆಯ ಮೇಲೆ ಎಳೆದ ಉದ್ದ ಗೆರೆಯಲ್ಲಿ ಜಾಗವೇ ಇರಲಿಲ್ಲ. ಬಗ್ಗಿ, ಗೆರೆಯನ್ನು ಕೆಳಕ್ಕೆ ಬೆಳೆಸಿ, ಹಲಗೆಯ ಅಂಚಿನ ಹತ್ತಿರ ಇಟ್ಟೆ. ಉಳಿದ ಸಂಖ್ಯೆಗಳನ್ನು ಅವನು ಓದಿದಂತೆ ಚುಕ್ಕಿಗಳ ಸಾಲು ಅಲ್ಲಿಂದ ಮೇಲೆ ಹತ್ತಿ ಬಂದು ಬಲಗಡೆಯ ಚುಕ್ಕಿಗಳನ್ನು ಸೇರಿತು. ಆಳವಾದ, ಯಾರೂ ಅಲ್ಲವೆನ್ನಲಾಗದ ಗುಂಡಿ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ, "ಮೇಡಂ, ಇದು ಪರೀಕ್ಷಾಕ್ಕ ಬರ್ತದೇನ್ರಿ?" ಎಂದಳು. ಫೋನಿನೊಳಗೆ ಕಿರಣನ ಹಿಂದೆ ಇಡೀ ಲ್ಯಾಬ್ ಸೇರಿದ್ದು ಕೇಳುತ್ತಿತ್ತು. "ಅಕ್ಕ, ಹೇಗ್ ಬಂತು? ಹೇಳಿ ಅಕ್ಕ" ಎನ್ನುತ್ತಿದ್ದರು. ಇಲ್ಲಿ ಇವರು ನನ್ನ ಬೆನ್ನು ನೋಡುತ್ತಾ ಕೂತಿದ್ದರು, ಅಲ್ಲಿ ಅವರು ನನ್ನ ದನಿಗೆ ಕಾಯುತ್ತಿದ್ದರು. ಯಾರ ಕಡೆ ತಿರುಗಿ ಅಳಬೇಕೋ ತಿಳಿಯದೆ ಹಲಗೆಯ ಕಡೆಗೇ ಮುಖ ಮಾಡಿ ನಿಂತುಕೊಂಡೆ.